ಬಂದವರು, ಉಳಿದವರು: ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಉತ್ತರ ಕರ್ನಾಟಕದ ಶಿಕ್ಷಕರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ, ಕಲಬುರಗಿ, ರಾಯಚೂರು ಕಡೆಯ ಶಿಕ್ಷಕ ಶಿಕ್ಷಕಿಯರು ಪಾಠ ಹೇಳಲು ತೊಡಗಿ ದಶಕಗಳೇ ಕಳೆದಿವೆ. ಆದರೂ ಅವರ ಬಗ್ಗೆ ಇಲಾಖೆಯಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಮಾತು ಏಳುವುದು ವರ್ಗಾವಣೆಯ ಹೊತ್ತಿನಲ್ಲಿ ಮಾತ್ರ. ಕೌನ್ಸೆಲಿಂಗ್ ವೇಳಾಪಟ್ಟಿ ಹೊರಬೀಳುತ್ತದೆ, ಕೋರಿಕೆ ಅರ್ಜಿಗಳು ಸಲ್ಲಿಕೆಯಾಗುತ್ತವೆ, ಪತಿ-ಪತ್ನಿ ಪ್ರಕರಣಗಳ ಪಟ್ಟಿ ಪ್ರಕಟವಾಗುತ್ತದೆ, ಮನವಿಪತ್ರಗಳು ಬಿಇಒ ಕಚೇರಿಯಿಂದ ಬೆಂಗಳೂರಿನವರೆಗೆ ಓಡಾಡುತ್ತವೆ. ತಿಂಗಳೊಪ್ಪತ್ತಿನಲ್ಲಿ ಎಲ್ಲ ತಣ್ಣಗಾಗುತ್ತದೆ. ಹೋದವರೆಷ್ಟು ಎಂಬ ಲೆಕ್ಕ ಇಲಾಖೆಯ ಬಳಿ ಇರುತ್ತದೆ. ಹೋಗದೆ ಉಳಿದವರು ಹೇಗೆ ಉಳಿದರು, ಉಳಿದದ್ದರಿಂದ ಅವರಿಗೇನಾಯಿತು, ಶಾಲೆಗೇನಾಯಿತು ಎಂದು ಕೇಳುವವರಿಲ್ಲ. ಈ ಲೇಖನ ಕೇಳುವುದು ಅದನ್ನೇ.

ನೇಮಕಾತಿ ಮತ್ತು ವರ್ಗಾವಣೆಯ ಕಾನೂನುಗಳು, ಗಡಿ ತಾಲ್ಲೂಕುಗಳ ಭಾಷಾ ಪರಿಸ್ಥಿತಿ, ಶಿಕ್ಷಕರು ತರಗತಿಯ ಹೊರಗೆ ಊರಿನಲ್ಲಿ ಮಾಡುವ ಕೆಲಸಗಳು, ಈ ಮೂರನ್ನೂ ಒಟ್ಟಿಗಿಟ್ಟು ಓದುವುದು ಇಲ್ಲಿನ ವಿಧಾನ. ಬಿಡಿ ವ್ಯಕ್ತಿಗಳ ಜೀವನಕಥೆಗಳನ್ನು ಬೇಕೆಂದೇ ಹೊರಗಿಟ್ಟಿದ್ದೇನೆ; ನೋವಿನ ಕಥೆಗಳು ಬೇಗ ಮನ ಮುಟ್ಟುತ್ತವೆ, ಆದರೆ ವ್ಯವಸ್ಥೆಯ ಕೈವಾಡವನ್ನು ಅಷ್ಟೇ ಬೇಗ ಮರೆಸಿಬಿಡುತ್ತವೆ. ನನ್ನ ವಾದ ಇಷ್ಟು: ಈ ಶಿಕ್ಷಕರು ಈ ನೆಲದವರಾಗುವ ಕೆಲಸ ನಡೆದಿದೆ, ಮುಖ್ಯವಾಗಿ ಒಂದನೇ ತರಗತಿಯ ಭಾಷೆಯಲ್ಲಿ ಮತ್ತು ಊರಿನ ಮನೆಮನೆಯ ಒಡನಾಟದಲ್ಲಿ ನಡೆದಿದೆ. ಆದರೆ ಇಲಾಖೆಯ ಯಾವ ದಾಖಲೆಯಲ್ಲೂ ಅದಕ್ಕೆ ಅಂಕಣವಿಲ್ಲ. ದಾಖಲೆ ಅವರನ್ನು ಇಪ್ಪತ್ತು ವರ್ಷಗಳ ನಂತರವೂ ಹೊರಡಲು ಕಾದಿರುವವರೆಂದೇ ಕಾಣುತ್ತದೆ. ಬರಬರುತ್ತಾ ಅವರೂ ತಮ್ಮನ್ನು ಹಾಗೆಯೇ ಕಾಣತೊಡಗುತ್ತಾರೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1908ರಲ್ಲಿ ಅಪರಿಚಿತನ ಕುರಿತು ಬರೆದ ಪುಟ್ಟ ಪ್ರಬಂಧ ಇಲ್ಲಿ ನೆನಪಾಗುತ್ತದೆ. ಅವನ ಅಪರಿಚಿತ ದಾರಿಹೋಕನಲ್ಲ. ಬಂದು ನೆಲೆ ನಿಂತವನು, ಆದರೆ ಎದ್ದು ಹೋಗುವ ಸಾಧ್ಯತೆಯನ್ನು ಪೂರ್ತಿ ಕಳಚಿಕೊಳ್ಳದವನು. ಗುಂಪಿನೊಳಗೇ ಇದ್ದು ಗುಂಪಿನ ಹೊರಗಿನದನ್ನೂ ತರುವವನು. ಕೋಲಾರದ ಶಿಕ್ಷಕರಿಗೆ ಈ ವಿವರಣೆ ಬಹುಪಾಲು ಹೊಂದುತ್ತದೆ, ಒಂದು ವ್ಯತ್ಯಾಸದೊಡನೆ. ಸಿಮ್ಮೆಲ್ ಕಂಡ ಅಪರಿಚಿತನು ಎದ್ದು ಹೋಗುವುದು ಬಿಡುವುದು ಅವನ ಇಚ್ಛೆ. ಇಲ್ಲಿ ಆ ಇಚ್ಛೆಯನ್ನು ನಿಯಮ ಹಿಡಿದುಕೊಂಡಿದೆ. ಹೋಗುವುದೂ ಉಳಿಯುವುದೂ ತಮ್ಮ ಕೈಯಲ್ಲಿಲ್ಲದವರು ಒಂದು ಊರಿಗೆ ಹೇಗೆ ಸೇರುತ್ತಾರೆ ಎಂಬುದು ಆ ಪ್ರಬಂಧ ಮುಟ್ಟದ ಪ್ರಶ್ನೆ.

ಬಂದ ದಾರಿ

ವಿಜಯಪುರಕ್ಕೂ ಕೋಲಾರಕ್ಕೂ ನಂಟು ಹೊಸದೇನಲ್ಲ. 17ನೆಯ ಶತಮಾನದಲ್ಲಿ ಈ ಸೀಮೆ ಬಿಜಾಪುರದ ಆದಿಲಶಾಹಿಗಳ ಕೈಗೆ ಬಂದು, ಬೆಂಗಳೂರಿನ ಜೊತೆ ಕೋಲಾರವೂ ಶಿವಾಜಿಯ ತಂದೆ ಶಹಾಜಿಯ ಜಹಗೀರಾಗಿತ್ತು. ಮುಳಬಾಗಿಲು, ಕೋಲಾರದ ಮುಸ್ಲಿಂ ಮನೆಗಳಲ್ಲಿ ಇಂದಿಗೂ ಕೇಳುವ ದಖನಿಯನ್ನು ವಿಜಯಪುರದಿಂದ ಬಂದ ಶಿಕ್ಷಕಿ ಮೊದಲ ದಿನವೇ ಅರ್ಥಮಾಡಿಕೊಳ್ಳಬಲ್ಲಳು ಎಂಬುದರಲ್ಲಿ ಆ ಹಳೆಯ ರಾಜಕೀಯದ ಪಾಲೂ ಸ್ವಲ್ಪ ಇದೆ.

ಶಾಲೆಯ ಚರಿತ್ರೆ ಬೇರೆ ದಾರಿ ಹಿಡಿಯಿತು. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂದಾಗ, ಆಯಾ ಭಾಗದಲ್ಲಿ ಮೊದಲೇ ಪಾಠ ಹೇಳುತ್ತಿದ್ದವರನ್ನು ಆರಿಸಿ ತರಬೇತಿ ಕೊಟ್ಟು ಅದೇ ಭಾಗಕ್ಕೆ ಕಳಿಸುವುದು ಅದರ ಕಲ್ಪನೆಯಾಗಿತ್ತು. ಮೇಷ್ಟ್ರು ಊರಿನ ಸುತ್ತಳತೆಯೊಳಗಿನವರು ಎಂಬ ನಂಬಿಕೆ ಅಲ್ಲಿಂದ ಮುಂದೆ ಬಹುಕಾಲ ಬಾಳಿತು. ಅದು ಮುರಿದದ್ದು 20ನೆಯ ಶತಮಾನದ ಕೊನೆಯಲ್ಲಿ. 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ ಶಿಕ್ಷಕರ ನೇಮಕಾತಿ ಬಹುದೊಡ್ಡ ಪ್ರಮಾಣದಲ್ಲಿ, ಲಂಚ ಶಿಫಾರಸುಗಳಿಲ್ಲದೆ, ಅಂಕಗಳ ಆಧಾರದ ಮೇಲೆ ನಡೆಯಿತು. ಮುಂದಿನ ನೇಮಕಾತಿಗಳೂ ಅರ್ಹತೆಯ ಈ ಜಾಡಿನಲ್ಲೇ ಸಾಗಿದವು. ಬಡ ಕುಟುಂಬದ ಹುಡುಗ ಹುಡುಗಿಯರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಟಿಸಿಎಚ್, ಡಿ.ಇಡಿ. ಮುಗಿಸಿದ ಉತ್ತರದ ಜಿಲ್ಲೆಗಳ ಯುವಕ ಯುವತಿಯರಿಗೆ ಸರ್ಕಾರಿ ಶಾಲೆಯ ನೌಕರಿ ಒಂದೇ ಖಚಿತ ಭರವಸೆಯಾಗಿದ್ದ ಕಾಲ ಅದು. ಕೋಲಾರದ ಓದಿದ ಮಕ್ಕಳಿಗಾದರೋ ಅರವತ್ತೆಪ್ಪತ್ತು ಕಿಲೋಮೀಟರ್ ಆಚೆ ಬೆಂಗಳೂರು ಬೇರೆ ಬಾಗಿಲುಗಳನ್ನು ತೆರೆಯುತ್ತಿತ್ತು. ಪ್ರಾಥಮಿಕ ಶಾಲಾ ಶಿಕ್ಷಕರ ವೃಂದ ಜಿಲ್ಲಾ ಮಟ್ಟದ್ದಾದರೂ ಅಭ್ಯರ್ಥಿ ತನ್ನದಲ್ಲದ ಜಿಲ್ಲೆಗೂ ಅರ್ಜಿ ಹಾಕಬಹುದಿತ್ತು. ತನ್ನ ಜಿಲ್ಲೆಯಲ್ಲಿ ಪೈಪೋಟಿ ಹೆಚ್ಚೆಂದು ಲೆಕ್ಕ ಹಾಕಿ, ನಕ್ಷೆಯಲ್ಲಿ ಮಾತ್ರ ನೋಡಿದ್ದ ಜಿಲ್ಲೆಗೆ ಅರ್ಜಿ ಹಾಕಿದವರು ಹೀಗೆ ಈ ತಾಲ್ಲೂಕುಗಳಿಗೆ ಬಂದರು.

ಸುಮಾರು ಆರುನೂರು ಕಿಲೋಮೀಟರ್ ದೂರದ ಈ ಪಯಣವನ್ನು ವಲಸೆ ಎನ್ನಲು ನಮ್ಮ ವಿದ್ವತ್ತು ಹಿಂಜರಿಯುತ್ತದೆ. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಸರ್ಕಾರದ ಸಂಬಳ. ಹೊರದೇಶಕ್ಕೆ ಹೋದ ಶಿಕ್ಷಕರ ಬಗ್ಗೆ ಜಗತ್ತಿನಲ್ಲಿ ಸಾಕಷ್ಟು ಅಧ್ಯಯನವಿದೆ. ಜೋಳದ ರೊಟ್ಟಿಯ ಸೀಮೆಯಿಂದ ಮುದ್ದೆ ಬಸ್ಸಾರಿನ ಸೀಮೆಗೆ, ಎರೆಭೂಮಿಯಿಂದ ಕೆಂಪುನೆಲಕ್ಕೆ, ನಾಗರ ಪಂಚಮಿಗೆ ಜೋಕಾಲಿ ಕಟ್ಟುವ ಊರಿನಿಂದ ಆ ದಿನ ಪಂಚಮಿಯ ಸಡಗರವೇ ಕಾಣದ ಊರಿಗೆ ಬಂದವರ ಬಗ್ಗೆ ಬಹಳ ಕಡಿಮೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕೆಂದರೆ ಸಾಂದರ್ಭಿಕ ರಜೆ ಬರೆದುಕೊಡಬೇಕು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಸಿಗಬೇಕು.

ಕಾನೂನು ಕಟ್ಟಿಕೊಟ್ಟ ಕಾಯುವಿಕೆ

2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು. 2020ರಲ್ಲಿ ಹೊಸ ಕಾಯ್ದೆ ಅದರ ಜಾಗ ತೆಗೆದುಕೊಂಡಿತು. ಶಾಸಕರ ಚೀಟಿ ಹಿಡಿದು ವರ್ಗ ಮಾಡಿಸಿಕೊಳ್ಳುವ ಕಾಲಕ್ಕೆ ಕೊನೆ ಹಾಡಿ, ಕೌನ್ಸೆಲಿಂಗ್ ಮೂಲಕ, ಎಲ್ಲರಿಗೂ ಕಾಣುವಂತೆ ಸ್ಥಳ ಹಂಚಿದ್ದು ಈ ಕಾಯ್ದೆಗಳ ದೊಡ್ಡ ಸಾಧನೆ. ಅದನ್ನು ಕಡೆಗಣಿಸಿ ಟೀಕೆ ಮಾಡುವುದು ನ್ಯಾಯವಲ್ಲ. ಆದರೆ ಈ ಕಾಯ್ದೆಗಳು ಶಿಕ್ಷಕರನ್ನು ನೋಡುವ ಕ್ರಮ ಯಾವುದು? ಎ, ಬಿ, ಸಿ ಎಂಬ ವಲಯಗಳು, ಸೇವಾ ವರ್ಷಗಳು, ಕಾಯಿಲೆ, ವೈಧವ್ಯ, ಅಂಗವೈಕಲ್ಯ, ಪತಿ-ಪತ್ನಿ ಪ್ರಕರಣ ಎಂಬ ಆದ್ಯತೆಗಳು, ವೃಂದಬಲದ ಇಂತಿಷ್ಟು ಶೇಕಡಾ ಮಾತ್ರ ಎಂಬ ಮಿತಿ. ಎಲ್ಲ ಹೊರಡುವುದಕ್ಕೆ ಸಂಬಂಧಿಸಿದವು. ಉಳಿಯುವವರ ಬಗ್ಗೆ ಕಾಯ್ದೆಗೆ ಹೇಳುವುದು ಏನೂ ಇಲ್ಲ.

ಕೋಲಾರ ಬೆಂಗಳೂರು ವಿಭಾಗಕ್ಕೆ ಸೇರಿದ ಜಿಲ್ಲೆ. ಬೆಳಗಾವಿ ಅಥವಾ ಕಲಬುರಗಿ ವಿಭಾಗಕ್ಕೆ ಹೋಗುವುದೆಂದರೆ ಜಿಲ್ಲೆಯನ್ನೂ ವಿಭಾಗವನ್ನೂ ದಾಟಬೇಕು. ಹುದ್ದೆಗಳು ಹೆಚ್ಚು ಖಾಲಿ ಇರುವ ತಾಲ್ಲೂಕಿನಿಂದ ಬಿಡುಗಡೆ ಸಿಗದು. ಸ್ವಂತ ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ಹೋದವರು ಅಲ್ಲಿನ ಜ್ಯೇಷ್ಠತಾ ಪಟ್ಟಿಯ ತಳಕ್ಕೆ ಬೀಳುತ್ತಾರೆ. ಮುಖ್ಯ ಶಿಕ್ಷಕ ಹುದ್ದೆಯ ಬಡ್ತಿ ಕಣ್ಣಳತೆಯಲ್ಲಿದ್ದವರು ನಿನ್ನೆ ಸೇರಿದವರ ಹಿಂದೆ ನಿಲ್ಲಬೇಕು. ಹೀಗಾಗಿ ಸೇವೆ ಹೆಚ್ಚಾದಂತೆಲ್ಲ ಹೊರಡುವ ಬೆಲೆಯೂ ಏರುತ್ತ ಹೋಗುತ್ತದೆ. ಐದು ವರ್ಷ ಸೇವೆ ಮಾಡಿದವರಿಗೆ ಹೋಗುವುದು ಸುಲಭ, ಅವಕಾಶ ಕಡಿಮೆ. ಇಪ್ಪತ್ತು ವರ್ಷ ಮಾಡಿದವರಿಗೆ ಅವಕಾಶ ಸಿಕ್ಕರೂ ಹೋಗುವುದು ನಷ್ಟ. ಪರಸ್ಪರ ವರ್ಗಾವಣೆ ಎಂಬ ದಾರಿಯೊಂದಿದೆ. ಆದರೆ ವಿಜಯಪುರದಲ್ಲಿ ಕೆಲಸ ಮಾಡುತ್ತ ಕೋಲಾರಕ್ಕೆ ಬರಲು ಕಾದಿರುವ ಜೊತೆಗಾರ ಸಿಗಬೇಕಲ್ಲ! ಈ ವಲಸೆ ಬಹುಮಟ್ಟಿಗೆ ಒಂದೇ ದಿಕ್ಕಿನದು. ಅದರಿಂದಲೇ ಆ ದಾರಿ ಕಾಗದದ ಮೇಲೆ ತೆರೆದಿದ್ದು ನೆಲದ ಮೇಲೆ ಮುಚ್ಚಿದಂತಿದೆ.

ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ತೊಡಕು. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯನ್ವಯ 2013ರಲ್ಲಿ ಆ ಭಾಗಕ್ಕೆ ಪ್ರತ್ಯೇಕ ಸ್ಥಳೀಯ ವೃಂದ ರಚನೆಯಾಯಿತು. ಆ ಪ್ರದೇಶದ ಹಕ್ಕಿಗಾಗಿ ನಡೆದ ದೀರ್ಘ ಹೋರಾಟದ ನ್ಯಾಯವಾದ ಫಲ ಅದು. ಆದರೆ ಅದಕ್ಕೂ ಮೊದಲೇ ಹೊಟ್ಟೆಪಾಡಿಗೆಂದು ಹೊರಗೆ ಬಂದಿದ್ದ ರಾಯಚೂರು, ಕಲಬುರಗಿಯ ಶಿಕ್ಷಕರು ತಮ್ಮ ನೆಲದ ವೃಂದದ ಹೊರಗೆ ನಿಂತರು. ಮಕ್ಕಳ 371(ಜೆ) ಪ್ರಮಾಣಪತ್ರಕ್ಕಾಗಿ ಅವರು ಇಂದಿಗೂ ತವರಿನ ಕಂದಾಯ ಕಚೇರಿಗಳೊಡನೆ ನಂಟು ಕಾಪಾಡಿಕೊಳ್ಳಬೇಕು. ಆ ಮಕ್ಕಳೋ ಕೋಲಾರದ ಬೀದಿಗಳಲ್ಲಿ ಬೆಳೆದವರು.

ಇಂಥ ಸ್ಥಿತಿಯಲ್ಲಿ ಪ್ರತಿ ವರ್ಷ ಅರ್ಜಿ ಹಾಕುವುದು ಒಂದು ವಾರ್ಷಿಕ ವ್ರತವಾಗುತ್ತದೆ. ಸಿಗುವುದಿಲ್ಲವೆಂದು ಗೊತ್ತು, ಹಾಕದಿದ್ದರೆ ತವರಿನಲ್ಲಿ ಕಾದಿರುವ ವಯಸ್ಸಾದ ತಂದೆತಾಯಿಗೆ ಏನೆಂದು ಹೇಳುವುದು? ಅರ್ಜಿ ಇರುವವರೆಗೆ ಇಲ್ಲಿ ನಿವೇಶನ ಕೊಳ್ಳುವುದಿಲ್ಲ, ಮತದಾರರ ಪಟ್ಟಿಯ ಹೆಸರನ್ನು ತವರಿನಿಂದ ತೆಗೆಸುವುದಿಲ್ಲ. ಶಿಕ್ಷಕಿಯರ ವಿಷಯದಲ್ಲಿ ಇದು ಇನ್ನೂ ಕಠಿಣ. ಗಂಡನ ನೌಕರಿಯೋ ಹೊಲವೋ ಉತ್ತರದಲ್ಲಿ, ಹೆಂಡತಿಯ ಶಾಲೆ ಮುಳಬಾಗಿಲಿನಲ್ಲಿ, ಮಗು ಅಜ್ಜಿಯ ಬಳಿ ಎಂಬ ಮೂರು ತುಂಡಾದ ಸಂಸಾರಗಳು ಶಿಕ್ಷಕ ವಲಯದಲ್ಲಿ ಯಾರಿಗೂ ಅಚ್ಚರಿ ತರುವುದಿಲ್ಲ. ಅಚ್ಚರಿ ತರದಷ್ಟು ಅದು ಮಾಮೂಲಾಗಿದೆ ಎಂಬುದೇ ನನ್ನನ್ನು ಕಾಡುವ ಸಂಗತಿ. ಪತಿ-ಪತ್ನಿ ಪ್ರಕರಣದ ನಿಯಮ ಇಬ್ಬರೂ ಸರ್ಕಾರಿ ಅಥವಾ ಅದಕ್ಕೆ ಸಮಾನವಾದ ನೌಕರಿಯಲ್ಲಿರುವವರಿಗೆ ಅನುಕೂಲ. ರೈತನ ಹೆಂಡತಿಯಾದ ಶಿಕ್ಷಕಿಗೆ ಅದರ ಬಾಗಿಲು ತೆರೆಯದು.

ಒಂದನೇ ತರಗತಿಯ ಭಾಷೆ

ಈ ನಾಲ್ಕು ತಾಲ್ಲೂಕುಗಳ ಭಾಷೆಯ ನಕ್ಷೆ ಆಡಳಿತದ ನಕ್ಷೆಯಂತಿಲ್ಲ. ಶ್ರೀನಿವಾಸಪುರದ ರಾಯಲ್ಪಾಡು ಮದನಪಲ್ಲಿಗೆ ಹತ್ತಿರ. ಮುಳಬಾಗಿಲಿನ ನಂಗಲಿ ದಾಟಿದರೆ ಚಿತ್ತೂರು ಜಿಲ್ಲೆ. ಮಾಲೂರಿನ ದಕ್ಷಿಣದಂಚಿಗೆ ಹೊಸೂರು. ಹಳ್ಳಿಗಳ ಮನೆಮಾತು ತೆಲುಗು, ಕೆಲವೆಡೆ ತಮಿಳು, ದಖನಿ. ಅಂಗಡಿಯ ಮಾತು ಎರಡು ಮೂರರ ಬೆರಕೆ. ಶಾಲೆಯ, ಕಚೇರಿಯ ಮಾತು ಕನ್ನಡ. ಮನೆಯಲ್ಲೊಂದು ಭಾಷೆ, ಬರಹದಲ್ಲಿ ಕನ್ನಡ ಎಂಬುದು ಇಲ್ಲಿಗೆ ಹೊಸದಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಸಣ್ಣ ಕಥೆಗೆ ಕನ್ನಡದಲ್ಲಿ ನೆಲೆ ಕೊಟ್ಟವರು ಅವರು. 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದೂ ಕನ್ನಡದ ಕಾದಂಬರಿಗೆ.

ಈಗ ಇಂಥ ಹಳ್ಳಿಯ ಒಂದನೇ ತರಗತಿಗೆ ಬಾಗಲಕೋಟೆಯ ಶಿಕ್ಷಕಿ ಬಂದು ನಿಂತಳು ಎನ್ನೋಣ. ಅವಳ ಎದುರು ಕುಳಿತ ಮಗುವಿಗೆ ಕನ್ನಡ ಎರಡನೇ ಭಾಷೆ, ಆ ಕನ್ನಡವೂ ಅವಳ ಕನ್ನಡವಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳ ಕಲಿಕೆ ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಬರೆಯಲು ಸುಲಭ, ಪದ ಕಟ್ಟಲು ಸುಲಭ ಎಂಬುದು ಅದರ ತರ್ಕ. ಆದರೆ ಕಟ್ಟಿದ ಪದ ಮಗುವಿಗೆ ಮೊದಲೇ ಗೊತ್ತಿರಬೇಕು ಎಂಬ ಒಂದು ಊಹೆ ಅದರ ತಳದಲ್ಲಿದೆ. ಅರಸ, ಸರ, ಗರಗಸ ಎಂದು ಓದಿದ ಮಗುವಿನ ಮನಸ್ಸಿನಲ್ಲಿ ಚಿತ್ರ ಮೂಡದಿದ್ದರೆ ಅದು ಓದಿದ್ದು ಬರಿಯ ಸದ್ದು. ರಾಯಲ್ಪಾಡಿನ ಶಾಲೆಯ ಸಮಸ್ಯೆ ಅಕ್ಷರದ್ದಲ್ಲ, ಅಕ್ಷರದ ಹಿಂದಿನ ಮಾತಿನದು.

ಹಾಲನ್ನೇ ತೆಗೆದುಕೊಳ್ಳಿ. ಪಠ್ಯದಲ್ಲಿ, ಶಿಕ್ಷಕಿಯ ಬಾಯಲ್ಲಿ ಅದು ಹಾಲು; ಹಕಾರ ಬಿಡುವ ಇಲ್ಲಿನ ಹಳ್ಳಿಗನ್ನಡದಲ್ಲಿ ಆಲು; ಮಗುವಿನ ಮನೆಯ ತೆಲುಗಿನಲ್ಲಿ ಪಾಲು. ಹುಲಿ, ಉಲಿ, ಪುಲಿಯದೂ ಇದೇ ಕಥೆ. ಮೂರು ರೂಪಗಳೂ ಒಂದೇ ದ್ರಾವಿಡ ಬೇರಿನವು, ಮೂರಕ್ಕೂ ಕ್ರಮವಿದೆ. ಆ ಕ್ರಮವನ್ನು ಒಮ್ಮೆ ಗುರುತಿಸಿದ ಶಿಕ್ಷಕಿಗೆ ಹತ್ತಾರು ಪದಗಳ ಬೀಗದ ಕೈ ಸಿಕ್ಕಂತೆ. ವ್ಯಾಕರಣಕ್ಕೆ ಬಂದರೆ ತೊಡಕು ಇನ್ನೂ ಸೂಕ್ಷ್ಮ. ತೆಲುಗಿನಲ್ಲಿ ಹೆಣ್ಣಿಗೂ ನಪುಂಸಕಕ್ಕೂ ಏಕವಚನದಲ್ಲಿ ಕ್ರಿಯಾಪದದ ರೂಪ ಒಂದೇ. ಅದರ ಅಚ್ಚಿನಲ್ಲಿ ಕನ್ನಡ ಆಡುವ ಮಗು "ಅಕ್ಕ ಬಂತು", "ಟೀಚರಮ್ಮ ಹೋಯ್ತು" ಎನ್ನುತ್ತದೆ. ಹೊಸದಾಗಿ ಬಂದ ಶಿಕ್ಷಕಿಯ ಕಿವಿಗೆ ಇದು ತಪ್ಪು ಮಾತ್ರವಲ್ಲ, ಅಗೌರವ. ಮಗುವಿಗೆ ಸಭ್ಯತೆ ಕಲಿಸಿಲ್ಲವೆಂದು ಅವಳು ತಾಯಿಯನ್ನು ದೂರಬಹುದು. ತೆಲುಗಿನ ವ್ಯಾಕರಣ ಗೊತ್ತಾದ ದಿನ ಆ ದೂರು ಮಾಯವಾಗುತ್ತದೆ; ಅದರ ಜಾಗದಲ್ಲಿ, ಬಂದಳು ಮತ್ತು ಬಂತು ಎಂಬ ಭೇದವನ್ನು ಆಟವಾಗಿ ಕಲಿಸುವ ಪಾಠ ಹುಟ್ಟುತ್ತದೆ. ಅಪರಿಚಿತೆ ಊರಿಗೆ ಸೇರುವ ಗಳಿಗೆಗಳು ಯಾವುವು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನು.

ಈ ತಿಳಿವಳಿಕೆಯನ್ನು ಅವಳಿಗೆ ಕೊಡುವವರು ಯಾರು? ಇಲಾಖೆಯ ತರಬೇತಿಗಳಂತೂ ಅಲ್ಲ. ಕೊಡುವವರು ಬಿಸಿಯೂಟದ ಅಡುಗೆಯಾಕೆ, ಅಂಗನವಾಡಿ ಕಾರ್ಯಕರ್ತೆ, ಐದನೇ ತರಗತಿಯ ಚುರುಕು ಹುಡುಗಿ. ರಾ, ಕೂಚೋ, ನೀಳ್ಳು ಎಂದು ಮೊದಲ ತಿಂಗಳ ಶಬ್ದಕೋಶ ಶುರುವಾಗುವುದು ಅವರ ಬಾಯಿಂದ. ರಾಯಚೂರು, ಬಳ್ಳಾರಿ ಕಡೆಯವರಿಗೆ ಸ್ವಲ್ಪ ತೆಲುಗು ಮೊದಲೇ ಬರುತ್ತದೆ, ಇಲ್ಲಿನ ವರಸೆಗೆ ಕಿವಿ ಹೊಂದಿಸಿಕೊಂಡರೆ ಸಾಕು. ಉಳಿದವರು ಶೂನ್ಯದಿಂದ ಕಲಿಯುತ್ತಾರೆ, ಅದೂ ಓದು ಬರಹವಿಲ್ಲದೆ ಬರಿಯ ಕಿವಿಯಿಂದ. ವಿನಿಮಯ ಒಂದೇ ಕಡೆಯದೂ ಅಲ್ಲ. ಉತ್ತರದ ಶಿಕ್ಷಕಿಯ ಬಳಿ ಮೊದಲ ಕನ್ನಡ ಕಲಿತ ಮಕ್ಕಳ ಮಾತಿನಲ್ಲಿ "ಹೌದ್ರಿ", "ಬರ್ರಿ" ನುಸುಳುತ್ತವೆ. ತೆಲುಗು ಮನೆಯ ಮಗು ಕೃಷ್ಣಾತೀರದ ವರಸೆಯ ಕನ್ನಡವನ್ನು ಪಾಲಾರ್ ಸೀಮೆಯಲ್ಲಿ ಆಡುವುದು ನಮ್ಮ ಉಪಭಾಷಾ ಅಧ್ಯಯನಕ್ಕೆ ಒಳ್ಳೆಯ ವಸ್ತು.

ಸ್ಥಳೀಯರಾದ ಶಿಕ್ಷಕರು ಇದನ್ನೆಲ್ಲ ಸಹಜವಾಗಿಯೇ ಮಾಡುತ್ತಾರಲ್ಲ ಎಂದು ಕೇಳಬಹುದು. ನಿಜ, ಶ್ರೀನಿವಾಸಪುರದಲ್ಲೇ ಬೆಳೆದ ಶಿಕ್ಷಕ ತೆಲುಗಿನಲ್ಲಿ ಹೇಳಿ ಕನ್ನಡಕ್ಕೆ ದಾಟಿಸುವುದು ನೀರು ಕುಡಿದಷ್ಟು ಸರಾಗ. ಸರಾಗವಾದದ್ದರಿಂದಲೇ ಅದು ಕೆಲವೊಮ್ಮೆ ಅವನ ಅರಿವಿಗೇ ಬರುವುದಿಲ್ಲ. ನಾಲ್ಕನೇ ತರಗತಿಯವರೆಗೂ ತರಗತಿ ತೆಲುಗಿನಲ್ಲೇ ಉಳಿದು ಕನ್ನಡದ ಓದು ಹಿಂದೆ ಬೀಳುವ ಅಪಾಯವೂ ಇದೆ. ಬೆವರು ಸುರಿಸಿ ಕಲಿತವರಿಗೆ ಮಗು ಎಲ್ಲಿ ಎಡವುತ್ತದೆ ಎಂಬುದು ಬಿಡಿಬಿಡಿಯಾಗಿ ಗೊತ್ತಿರುತ್ತದೆ. ಇಬ್ಬರೂ ಇರುವ ಶಾಲೆ ಪುಣ್ಯ ಮಾಡಿರಬೇಕು. ದುರ್ದೈವವೆಂದರೆ, ಈ ಎರಡು ಬಗೆಯ ಜ್ಞಾನ ಒಂದೆಡೆ ಕೂಡಿ ಮಾತಾಡುವ ವೇದಿಕೆ ನಮ್ಮ ಸಮಾಲೋಚನಾ ಸಭೆಗಳಲ್ಲಿಲ್ಲ. ಅಲ್ಲಿ ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಕೇಳುವುದು ಅಂಕಿಅಂಶ.

ಮಾಲೂರು ಮತ್ತು ಕೋಲಾರದ ಕೈಗಾರಿಕಾ ಅಂಚಿನಲ್ಲಿ ಚಿತ್ರ ಬೇರೆ. ಮಾಲೂರಿನ ಇಟ್ಟಿಗೆ ಗೂಡುಗಳು, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳು ಹೊರರಾಜ್ಯದ ಕುಟುಂಬಗಳನ್ನು ಕರೆತಂದಿವೆ. ಅಲ್ಲಿ ವಲಸೆ ಬಂದ ಶಿಕ್ಷಕಿ ವಲಸೆ ಬಂದ ಮಗುವಿಗೆ ಪಾಠ ಹೇಳುತ್ತಾಳೆ. ಕಲಿಸುವ ಭಾಷೆ ಅವಳಿಗೆ ತಾಯ್ನುಡಿ, ಮಗುವಿಗೆ ಇನ್ನೂ ಹೆಸರಿಲ್ಲದ ಸದ್ದು.

ಊರಿನ ಕೆಲಸ, ಮನೆಯ ವಿಳಾಸ

ಶಿಕ್ಷಕರಿಗೆ ಬೋಧನೆಯೇತರ ಕೆಲಸ ಹೊರಿಸಬಾರದು ಎಂಬುದು ಸಂಘಟನೆಗಳ ಹಳೆಯ ಬೇಡಿಕೆ. ಅದು ಸರಿಯಾದ ಬೇಡಿಕೆ, ನಾನೂ ಒಪ್ಪುತ್ತೇನೆ. ಆದರೆ ಈ ಲೇಖನದ ಪ್ರಶ್ನೆಗೆ ಆ ಕೆಲಸಗಳು ಅನಿರೀಕ್ಷಿತವಾದ ಉತ್ತರ ಕೊಡುತ್ತವೆ. ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಮನೆ ಮನೆ ತಿರುಗುವವರು, 2015ರ ಮತ್ತು 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಳಲ್ಲಿ ಗಣತಿದಾರರಾಗಿ ಜಗಲಿ ಜಗಲಿಯಲ್ಲಿ ಕುಳಿತವರು ಶಿಕ್ಷಕರು. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಬೆಂಗಳೂರಿಗೆ ದುಡಿಯಲು ಹೋದರು, ಯಾವ ಹುಡುಗಿ ಏಳನೇ ತರಗತಿಗೇ ಶಾಲೆ ಬಿಟ್ಟಳು ಎಂಬುದೆ‌ಲ್ಲ ಊರಿನ ಹಿರಿಯರಷ್ಟೇ ಅವರಿಗೂ ಗೊತ್ತು. 2020ರ ಆಗಸ್ಟ್‌ನಲ್ಲಿ ಕೋವಿಡ್ ನಡುವೆ ವಿದ್ಯಾಗಮ ಶುರುವಾದಾಗ ಶಾಲೆಯ ಕಟ್ಟಡ ಮುಚ್ಚಿತ್ತು, ತರಗತಿ ದೇವಸ್ಥಾನದ ಪಡಸಾಲೆಗೆ, ಅರಳಿಕಟ್ಟೆಗೆ ಬಂತು. ಅಕ್ಟೋಬರ್‌ನಲ್ಲಿ ಕಾರ್ಯಕ್ರಮ ನಿಂತಿತು. ಆ ಎರಡು ತಿಂಗಳು ಊರು ತನ್ನ ಶಿಕ್ಷಕರ ಪಾಠವನ್ನು ಕಣ್ಣಾರೆ ಕಂಡಿತು, ಕಿವಿಯಾರೆ ಕೇಳಿತು. ಗೇಟಿನ ಒಳಗಿನ ಶಾಲೆಯಲ್ಲಿ ಅದು ಆಗುವುದಿಲ್ಲ.

ಇಷ್ಟಾದರೂ ಊರಿನ ನಿರ್ಧಾರಗಳಲ್ಲಿ ಅವರಿಗೆ ಪಾಲು ಕಡಿಮೆ. 2001ರಲ್ಲಿ ಬಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ವ್ಯವಸ್ಥೆ ಶಾಲೆಯ ಚುಕ್ಕಾಣಿಯನ್ನು ಪೋಷಕರಿಗೆ ಕೊಟ್ಟಿತು, ಅದು ಸರಿಯೇ. ಪೋಷಕರಾಗಿ ಅಲ್ಲಿ ಕೂರುವ ಅವಕಾಶ ಶಿಕ್ಷಕರಿಗೂ ಸಿಗಬಹುದಿತ್ತು, ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಿದ್ದರೆ. ಇಲ್ಲಿ ಬಿಚ್ಚುಮನಸ್ಸಿನಿಂದ ಒಂದು ಮಾತು ಹೇಳಬೇಕು. ಹೊರಗಿನಿಂದ ಬಂದವರಿರಲಿ ಸ್ಥಳೀಯರಿರಲಿ, ಸರ್ಕಾರಿ ಶಾಲೆಯ ಶಿಕ್ಷಕರ ಮಕ್ಕಳು ಬಹುಪಾಲು ಓದುವುದು ಪಟ್ಟಣದ ಖಾಸಗಿ ಶಾಲೆಗಳಲ್ಲಿ. ಹಳ್ಳಿಯ ತಾಯಂದಿರಿಗೆ ಇದು ಗೊತ್ತು. ಭಾಷೆ ಕಲಿತು, ಮನೆಮನೆ ತಿರುಗಿ ಗಳಿಸಿದ ವಿಶ್ವಾಸಕ್ಕೆ ಅಲ್ಲೊಂದು ಗೆರೆ ಬೀಳುತ್ತದೆ. ಸ್ಥಳೀಯ ಶಿಕ್ಷಕನಿಗೆ ಆ ಗೆರೆಯ ಆಚೆ ನೆಂಟಸ್ತಿಕೆ, ಜಮೀನು, ಜಾತಿಬಾಂಧವ್ಯಗಳ ಆಸರೆ ಇದೆ. ದೂರದಿಂದ ಬಂದವಳಿಗೆ ಶಾಲೆಯೊಂದೇ ಸೇತುವೆ.

ವಾಸದ ವಿಳಾಸವೂ ಈ ಕಥೆಯ ಭಾಗ. ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಿಗೆ ಕೋಲಾರ ಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ಬರುವವರು ಹಲವರು. ಮಾಲೂರು ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗದಲ್ಲಿದೆ. ಅಲ್ಲಿನ ಶಿಕ್ಷಕರಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಮನೆ ಮಾಡಿ ರೈಲಿನಲ್ಲಿ ಓಡಾಡುವವರು ಇದ್ದಾರೆ. ಕೇಂದ್ರಸ್ಥಾನದಲ್ಲಿ ವಾಸಿಸಬೇಕೆಂಬ ನಿಯಮ ಹಿಡಿದು ಇವರನ್ನು ದಂಡಿಸುವುದು ಸುಲಭ. ಹೊಸಬಳಾದ ಒಂಟಿ ಶಿಕ್ಷಕಿಗೆ ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗುತ್ತದೆಯೇ, ಜಾತಿ ಕೇಳದೆ ಕೊಡುತ್ತಾರೆಯೇ ಎಂಬ ಪ್ರಶ್ನೆಗೆ ಮಾತ್ರ ಆ ನಿಯಮದಲ್ಲಿ ಉತ್ತರವಿಲ್ಲ. ಹೀಗೆ ಓಡಾಡುವವರ ನಡುವೆ ಪಟ್ಟಣದಲ್ಲಿ ತವರಿನವರದೇ ಒಂದು ಬಳಗ ಕಟ್ಟಿಕೊಳ್ಳುತ್ತದೆ: ಬಸವ ಜಯಂತಿ ಆಚರಣೆ, ರೊಟ್ಟಿ ಊಟ, ಮದುವೆಗೆ ಹೆಣ್ಣು ಗಂಡು ನೋಡುವುದು. ಬಳಗ ಬೆಚ್ಚಗಿನದು, ಅದಿಲ್ಲದೆ ಮೊದಲ ವರ್ಷಗಳನ್ನು ದಾಟುವುದು ಕಷ್ಟ. ಆದರೆ ಶಾಲೆಯ ಊರು ಅದರೊಳಗೆ ಬರುವುದಿಲ್ಲ.

ಸಾರ್ವಜನಿಕ ಪ್ರಾತಿನಿಧ್ಯದ ದಾರಿಯೂ ಕಿರಿದು. ಕೋಲಾರ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ, ಆದರೆ ಸಂವಿಧಾನದ 171ನೆಯ ವಿಧಿಯ ಪ್ರಕಾರ ಅಲ್ಲಿ ಮತ ಹಾಕುವ ಹಕ್ಕು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಹಂತದ ಶಿಕ್ಷಕರದು. ಪ್ರಾಥಮಿಕ ಶಾಲೆಯವರಿಗೆ ಉಳಿದ ವೇದಿಕೆ ತಮ್ಮ ವೃತ್ತಿ ಸಂಘವೊಂದೇ.

ಬೇರೆ ಗಡಿಗಳಿಂದ ನೋಡಿದರೆ

ಕಾಸರಗೋಡಿನ ಅನುಭವ ಇಲ್ಲಿ ಕನ್ನಡಿ ಹಿಡಿಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಆ ನೆಲದ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡವೇ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಮಕ್ಕಳು, ಪೋಷಕರು, ಕನ್ನಡ ಸಂಘಟನೆಗಳು ಬೀದಿಗಿಳಿದಿದ್ದಾರೆ. ಅಲ್ಲಿ ಶಿಕ್ಷಕರಿಗೆ ಬಾರದಿದ್ದದ್ದು ಪಾಠದ ಭಾಷೆ. ಅನ್ಯಾಯ ಕಣ್ಣಿಗೆ ರಾಚುವಂಥದ್ದು. ಕೋಲಾರದ ಗಡಿಯಲ್ಲಿ ಶಿಕ್ಷಕರಿಗೆ ಪಾಠದ ಭಾಷೆ ಚೆನ್ನಾಗಿ ಬರುತ್ತದೆ, ಬಾರದಿರುವುದು ಮಗುವಿನ ಭಾಷೆ. ಇದಕ್ಕಾಗಿ ಯಾರೂ ಧರಣಿ ಕೂರುವುದಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಮಾಡಿಕೊಡಬೇಕೆಂಬ 350(ಎ) ವಿಧಿ ಇಬ್ಬರಿಗೂ ಒಂದೇ. ಆದರೆ ಶ್ರೀನಿವಾಸಪುರದ ತೆಲುಗು ಮನೆಗಳು ಕೇಳುವುದು ತೆಲುಗು ಮಾಧ್ಯಮವನ್ನಲ್ಲ, ತಮ್ಮ ಮಗುವಿಗೆ ಕನ್ನಡ, ಇಂಗ್ಲಿಷ್ ಬೇಗ ಬರಲಿ ಎಂಬುದನ್ನು. ಆ ಆಸೆಯನ್ನು ಗೌರವಿಸುತ್ತಲೇ ಹೇಳಬೇಕಾದದ್ದು: ಕನ್ನಡ ಬೇಗ ಬರಬೇಕಾದರೆ ತೆಲುಗು ಬಲ್ಲ ಶಿಕ್ಷಕಿ ಬೇಕು. ಕಾಸರಗೋಡಿನ ಕನ್ನಡ ಮಗುವಿಗಾಗಿ ಮಿಡಿಯುವ ನಾವು ರಾಯಲ್ಪಾಡಿನ ತೆಲುಗು ಮಗುವಿಗಾಗಿಯೂ ಮಿಡಿಯದಿದ್ದರೆ ನಮ್ಮ ಭಾಷಾನೀತಿ ಅರ್ಧ ಮಾತ್ರ.

ದೇಶಗಳ ನಡುವಿನ ಶಿಕ್ಷಕ ವಲಸೆಯ ಕುರಿತು ಕಾಮನ್‌ವೆಲ್ತ್ ರಾಷ್ಟ್ರಗಳು 2004ರಲ್ಲಿ ಒಂದು ಒಡಂಬಡಿಕೆಗೆ ಬಂದವು. ಕೆರಿಬಿಯನ್ ದ್ವೀಪಗಳಿಂದ, ದಕ್ಷಿಣ ಆಫ್ರಿಕಾದಿಂದ ಬ್ರಿಟನ್ನಿಗೆ ಶಿಕ್ಷಕರು ಹರಿದುಹೋಗುತ್ತಿದ್ದ ಕಾಲ. ಕಳಿಸುವ ದೇಶದ ಶಾಲೆಗಳು ಬರಿದಾಗಬಾರದು, ಕರೆಸಿಕೊಂಡ ದೇಶ ಬಂದವರಿಗೆ ಅಲ್ಲಿನ ಶಾಲೆ ಮತ್ತು ಪರಿಸರದ ಪರಿಚಯ, ಸಾಂಸ್ಕೃತಿಕ ಹೊಂದಾಣಿಕೆಯ ತರಬೇತಿ ಕೊಡಬೇಕು ಎಂಬ ತತ್ತ್ವಗಳು ಅದರಲ್ಲಿವೆ. ಪಾಲನೆ ಎಷ್ಟಾಯಿತೆಂಬುದು ಬೇರೆ ಮಾತು. ಗಡಿ ದಾಟಿದ ಶಿಕ್ಷಕರಿಗೆ ಕರೆಸಿಕೊಂಡ ಊರು ಋಣಿ ಎಂಬ ವಿಚಾರ ಕನಿಷ್ಠ ಬರಹದಲ್ಲಿದೆ. ನಮ್ಮ ರಾಜ್ಯದೊಳಗೆ ಅದು ಬರಹದಲ್ಲೂ ಇಲ್ಲ, ಏಕೆಂದರೆ ಇವರು ಗಡಿ ದಾಟಿದವರೆಂದು ನಾವು ಒಪ್ಪಿಯೇ ಇಲ್ಲ.

ಒಪ್ಪಿಕೊಂಡರೆ ಮಾಡಬಹುದಾದ ಕೆಲಸಗಳು ದುಬಾರಿಯವೇನಲ್ಲ. ಕೋಲಾರದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಈ ತಾಲ್ಲೂಕುಗಳಿಗೆ ಹೊಸದಾಗಿ ಬರುವ ಶಿಕ್ಷಕರಿಗೆ ಆಡುಮಾತಿನ ತೆಲುಗಿನ ಸಣ್ಣ ಕೋರ್ಸೊಂದನ್ನು ನಡೆಸಬಹುದು. ಪಾಠ ಹೇಳುವವರು ಹೊರಗಿನ ತಜ್ಞರಾಗಬೇಕಿಲ್ಲ. ಹದಿನೈದು ಇಪ್ಪತ್ತು ವರ್ಷಗಳಿಂದ ಇಲ್ಲಿರುವ ಉತ್ತರ ಕರ್ನಾಟಕದ ಶಿಕ್ಷಕಿಯರು ಮತ್ತು ತೆಲುಗು ಮನೆಮಾತಿನ ಸ್ಥಳೀಯ ಶಿಕ್ಷಕರು ಒಟ್ಟಿಗೆ ಕುಳಿತು ಆ ಪಠ್ಯವನ್ನು ಬರೆಯಲಿ, ಹಾಲು-ಆಲು-ಪಾಲಿನ ಪಾಠವೂ ಅದರಲ್ಲಿರಲಿ. ಸೇವಾ ಪುಸ್ತಕದಲ್ಲಿ ಶಿಕ್ಷಕರು ಕಲಿತ ಸ್ಥಳೀಯ ಭಾಷೆಯನ್ನು ನಮೂದಿಸುವ ಒಂದು ಸಾಲು ಬೇಕು, ಶಾಲೆ ಹಂಚುವಾಗ ಆ ಸಾಲಿಗೆ ತೂಕ ಬೇಕು. ವರ್ಗಾವಣೆಯ ಕಾಯ್ದೆಯಲ್ಲಿ ಇನ್ನೂ ಮುಖ್ಯವಾದ ಬದಲಾವಣೆ ಆಗಬೇಕಾಗಿದೆ. ಹತ್ತು ವರ್ಷ ಪೂರೈಸಿದವರು ಹೋಗುವುದಾದರೆ ಜ್ಯೇಷ್ಠತೆಯ ಒಂದು ಭಾಗವನ್ನಾದರೂ ಜೊತೆಗೆ ಕೊಂಡೊಯ್ಯುವಂತಿರಬೇಕು. ಉಳಿಯುವುದಾದರೆ ಆ ನಿರ್ಧಾರಕ್ಕೆ ಬಡ್ತಿಯಲ್ಲಿ, ಶಾಲೆಯ ಆಯ್ಕೆಯಲ್ಲಿ ಮನ್ನಣೆ ಸಿಗಬೇಕು. ಹೋಗುವ ದಾರಿ ನಿಜವಾಗಿ ತೆರೆದಾಗ ಎಲ್ಲರೂ ಹೊರಟುಹೋಗುತ್ತಾರೆ ಎಂಬ ಭಯ ಅಧಿಕಾರಿಗಳಿಗಿದೆ. ಆ ಭಯಕ್ಕೆ ಆಧಾರ ಇಲ್ಲದಿಲ್ಲ. ಮೊದಲೆರಡು ವರ್ಷ ಹಲವರು ಹೋಗುವರು. ಆದರೆ ಇಪ್ಪತ್ತು ವರ್ಷಗಳಲ್ಲಿ ಇಲ್ಲಿ ಬೇರುಬಿಟ್ಟವರು, ಮಕ್ಕಳನ್ನು ಇಲ್ಲಿ ಬೆಳೆಸಿದವರು, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಈಗ ಅಕ್ಷರ ಕಲಿಸುತ್ತಿರುವವರು ಆಗ ಮೊದಲ ಬಾರಿಗೆ ತಾವಾಗಿ ಆರಿಸಿಕೊಂಡು ಉಳಿಯುತ್ತಾರೆ.

2022ರ ಅಧಿಸೂಚನೆಯಂತೆ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಪ್ರಕ್ರಿಯೆ ನಡೆದು, ಅದರಲ್ಲಿ 5,000 ಹುದ್ದೆಗಳನ್ನು ಕಲ್ಯಾಣ ಕರ್ನಾಟಕಕ್ಕೆ ಮೀಸಲಿಡಲಾಗಿತ್ತು. ಅಂದರೆ ಉತ್ತರದ ಅಭ್ಯರ್ಥಿಗಳಲ್ಲಿ ಕೆಲವರಿಗಾದರೂ ಈ ಬಾರಿ ತವರಿನಲ್ಲೇ ಜಾಗ ಸಿಕ್ಕಿದೆ. ಬೆಳಗಾವಿ ವಿಭಾಗದವರ ಪಾಲಿಗೆ ಹಳೆಯ ದಾರಿಯೇ ಉಳಿದಿದೆ. ಆ ದಾರಿಯಲ್ಲಿ ಕೋಲಾರಕ್ಕೆ ಬಂದ ಹೊಸ ಶಿಕ್ಷಕರು ಈಗಿನ್ನೂ ಮೊದಲ ವರ್ಷಗಳಲ್ಲಿದ್ದಾರೆ. ಅವರ ಹಿಂದಿನ ತಲೆಮಾರು ಕಿವಿಯಿಂದ ಕಲಿತದ್ದನ್ನು ಬರಹಕ್ಕಿಳಿಸಿ ಅವರ ಕೈಗಿಡುವ ಕೆಲಸವನ್ನು, ಆ ತಲೆಮಾರು ನಿವೃತ್ತಿಯಾಗುವ ಮೊದಲೇ, ಡಯಟ್ ಮತ್ತು ನಾಲ್ಕು ತಾಲ್ಲೂಕುಗಳ ಬಿಇಒ ಕಚೇರಿಗಳು ಕೂಡಿ ಶುರುಮಾಡಬೇಕಾಗಿದೆ.